ಮೂವತ್ತೊಂದು ಚೊಂಬು ಬೆಳ್ಳಿ ನೀರು

ಕೊಳ್ಳೇಗಾಲದಲ್ಲಿ ಬರೀ ಗೋವಿಂದಯ್ಯ ಎಂದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಲ್ಯಾಬ್ ಗೋವಿಂದಯ್ಯ ಎನ್ನಬೇಕು. ಆಗ ಬಸ್ ಸ್ಟ್ಯಾಂಡಿನಲ್ಲಿ ಸೀಬೆಹಣ್ಣು ಮಾರುವವಳೂ ಅವನ ಬೀದಿಯ ಕಡೆ ಕೈ ತೋರಿಸುತ್ತಿದ್ದಳು. ಹೈಸ್ಕೂಲಿನ ಪ್ರಯೋಗಶಾಲೆಗೆ ಅವನು ಅಟೆಂಡರ್ ಆಗಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಓದಿದ್ದು ಏಳನೇ ಕ್ಲಾಸು. ಆದರೆ ಸೈನ್ಸ್ ಮೇಷ್ಟ್ರುಗಳು ವರ್ಗವಾಗಿ ಬಂದು ಹೋಗುತ್ತಿದ್ದರು, ಇವನು ಉಳಿಯುತ್ತಿದ್ದ. ಯಾವ ಶೀಶೆಯದನ್ನು ಯಾವುದಕ್ಕೆ ಬೆರೆಸಿದರೆ ಏನು ಬಣ್ಣ ಬರುತ್ತದೆ ಎನ್ನುವುದು ಹೊಸದಾಗಿ ಬಂದ ಮೇಷ್ಟ್ರಿಗಿಂತ ಇವನ ಕೈಗೇ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತಮೂರನೇ ಇಸವಿಯ ಬೇಸಿಗೆ. ಪರೀಕ್ಷೆ ಮುಗಿದು ರಜೆ ಬಿಟ್ಟ ಮಾರನೆಯ ದಿನವೇ ಗೋವಿಂದಯ್ಯ ಮಗಳು ಪುಟ್ಟಗೌರಮ್ಮನನ್ನು ಬಾಣಂತನಕ್ಕೆ ಕರೆತರಲು ಹುಣಸೆಪಾಳ್ಯಕ್ಕೆ ಹೊರಟ. ಯಳಂದೂರು ಬಸ್ಸು ಹತ್ತಿ, ಅಗರದ ಹತ್ತಿರ ಇಳಿದು, ಏರಿಯ ಮೇಲೆ ಎರಡು ಮೈಲಿ ನಡೆದರೆ ಸಿಗುವ ನಲವತ್ತು ಮನೆಯ ಊರು ಅದು. ಸುತ್ತ ಕಬ್ಬು, ನಡುವೆ ಒಂದು ಆಲೆಮನೆ. ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು.

ಮಗಳ ಅತ್ತೆ ಚಿಕ್ಕನಿಂಗಮ್ಮ ಜಗುಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಎದುರಿಗೇ ಕುಕ್ಕರುಗಾಲಲ್ಲಿ ಕೂತಳು.

“ಕರ್ಕಂಡು ಓಗಿ ಬೀಗ್ರೇ, ಬ್ಯಾಡ ಅಂದೋರು ಯಾರು. ಆದ್ರ ಇನ್ನೊಂದು ಹದ್ನೇಳು ದಿನ ಬುಟ್ಟು ಬನ್ನಿ.”

“ಹದ್ನೈದು ಅಂದ್ರೆ ಪಕ್ಷ ಅನ್ನಬೈದು. ಹದ್ನೇಳು ಅಂದ್ರ ಅದ್ಯಾವ ಲೆಕ್ಕ?”

“ಅದು ಎಂಗಸ್ರ ಲೆಕ್ಕ. ನಿಮ್ಗ್ಯಾಕ?” ಎಂದು ಅವಳು ಮಾತು ತಿರುಗಿಸಿಬಿಟ್ಟಳು. “ನೀವು ಓದ್ದೋರ ಜೊತ ಇರೋರು, ಒಂದು ಮಾತು ಯೋಳಿ. ಇಡೀ ಊರ್ಗೆ ಬಂದ ಬಾಗ್ಯ ನಮ್ಮನಗ ಮಾತ್ರ ಯಾಕ ಬರ್ಲಿಲ್ಲ?”

“ಏನು ಬಾಗ್ಯ?”

ಅವಳು ಒಳಗೆ ಹೋಗಿ ಒಂದು ತಾಮ್ರದ ಬಿಂದಿಗೆ ತಂದು ಅವನ ಮುಂದೆ ಕುಕ್ಕಿದಳು. ಮಗಳ ಮದುವೆಯಲ್ಲಿ ಗೋವಿಂದಯ್ಯನೇ ಕೊಡಿಸಿದ ಬಿಂದಿಗೆ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಸದಕ್ಕಿಂತ ಕೆಂಪಗಿತ್ತು.

“ನೋಡಿ, ಕೆಂಪುಗೇ ಅದ. ಪುಟ್ಟಬಸಪ್ಪಾರ ತೋಟದ ಬಾವಿ ನೀರ್ನ ತುಂಬಿಟ್ರ ಎಲ್ಲಾರ ಮನ ತಾಮ್ರಾನೂ ಬೆಳ್ಳಿ ಆಯ್ತ ಅವ. ಸುವರ್ಣಮ್ಮಾರ ಮನೇದಂತೂ ಮೊಖ ಕಾಣ್ತದ. ಊರ ಎಂಗಸ್ರು ಸಂದು ಗೊಂದೀಲಿ ಬಿದ್ದಿದ್ದ ಚೊಂಬೆಲ್ಲಾ ತಕಂಡು ಓಗಿ ತೊಳ್ಕಂಡು ಬಂದವ್ರ. ನಾನು ಸೋಮವಾರ, ಸುಕ್ರವಾರ ಒಂದೂ ಬುಡ್ದಂಗ ತಿಕ್ಕುದ್ರೂ ಇದು ಮಾತ್ರ ಜಪ್ಪಯ್ಯ ಅನ್ನಲ್ದು.”

ಗೋವಿಂದಯ್ಯ ನಕ್ಕ. “ನಾನು ಕೊಡ್ಸಿದ್ದು ಗಟ್ಟಿ ತಾಮ್ರ ಬೀಗಿತ್ತಿ, ಅದ್ಕೇ.”

“ನಗ್ಬೇಡಿ. ಊರೋರು ಆಡ್ಕಂತಾವ್ರ. ಬಸ್ರಿ ಎಂಗ್ಸು ಇರೋ ಮನ, ಇವ್ರ ಮ್ಯಾಲೆ ದೇವ್ರ ಕಣ್ಣು ಇಲ್ಲ ಅಂತ.”

ಒಳಗಿನಿಂದ ಪುಟ್ಟಗೌರಮ್ಮ ಕೂಗಿದಳು: “ಅತ್ತ, ಅಪ್ಪನ್ನ ಉಣ್ಣಾಕ ಬುಡು. ಬಂದ ಗಳಿಗೇಲೆ ಬಿಂದ್ಗ ಪುರಾಣ ಸುರು ಮಾಡುದ್ಯಾ.”

ಆದರೆ ಗೋವಿಂದಯ್ಯನ ನಗು ಅರ್ಧಕ್ಕೇ ನಿಂತಿತ್ತು. ತಾಮ್ರ ಬೆಳ್ಳಗಾಗುವುದು ಅವನಿಗೆ ಹೊಸದಲ್ಲ. ಪ್ರತಿ ವರ್ಷ ಹತ್ತನೇ ಕ್ಲಾಸಿನವರಿಗೆ ಒಂದು ಪ್ರಯೋಗ ತೋರಿಸುವುದಿತ್ತು: ರಸಕರ್ಪೂರ ಕರಗಿಸಿದ ನೀರಿಗೆ ಹಳೆಯ ತಾಮ್ರದ ಕಾಸು ಹಾಕಿದರೆ, ಎತ್ತುವಷ್ಟರಲ್ಲಿ ಕಾಸು ಬೆಳ್ಳಿಯಂತೆ ಹೊಳೆಯುತ್ತಿತ್ತು. ನೀರಲ್ಲಿದ್ದ ಪಾದರಸ ತಾಮ್ರದ ಮೈಗೆ ಹತ್ತಿಕೊಂಡಿರುತ್ತಿತ್ತು, ಅಷ್ಟೆ. ಒಂದು ವರ್ಷ ಹುಡುಗರು ಅದನ್ನು ನಾಲ್ಕಾಣೆ ಎಂದು ಐಸ್‌ಕ್ಯಾಂಡಿಯವನಿಗೆ ದಾಟಿಸಲು ನೋಡಿದ್ದರು. ಆ ಶೀಶೆಯನ್ನು ಮುಟ್ಟಿದ ಮೇಲೆ ಮೂರು ಸಲ ಕೈ ತೊಳೆಯದೆ ಗೋವಿಂದಯ್ಯ ಬೀಡಿಯನ್ನೂ ಬಾಯಿಗೆ ಇಡುತ್ತಿರಲಿಲ್ಲ.

“ಸುವರ್ಣಮ್ಮೋರ ಮನೆ ಬಿಂದಿಗೆ ನೋಡ್ಬೇಕಲ್ಲ,” ಎಂದ.

ಸುವರ್ಣಮ್ಮ ಪುಟ್ಟಬಸಪ್ಪನವರ ಹೆಂಡತಿ. ಊರಿನ ಅರ್ಧ ಜಮೀನು, ಆ ತೋಟ, ಆ ಬಾವಿ ಅವರದು. ಬೇಸಿಗೆಯಲ್ಲಿ ಉಳಿದ ಬಾವಿಗಳು ಬತ್ತಿದಾಗ ಊರೆಲ್ಲ ಅಲ್ಲೇ ಸೇದಿಕೊಳ್ಳುತ್ತಿತ್ತು; ಬೇಡ ಎಂದು ಆಕೆ ಒಂದು ದಿನವೂ ಅಂದವರಲ್ಲ. ಬಿಂದಿಗೆ ದೇವರ ಗೂಡಿನ ಪಕ್ಕ, ಹೂ ಮುಡಿಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ಕೂತಿತ್ತು. ಚಿಕ್ಕನಿಂಗಮ್ಮನ ಜೊತೆ ಹೋದ ಗೋವಿಂದಯ್ಯ ಬಾಗಿಲಲ್ಲೇ ನಿಂತು ನೋಡಿದ. ಬೆಳ್ಳಿಯ ಬಿಳುಪಲ್ಲ ಅದು. ಮೀನಿನ ಹೊಟ್ಟೆಯ ಬಿಳುಪು. ಕತ್ತಿನ ಹತ್ತಿರ, ಕೈ ತಾಗುವ ಕಡೆ, ಸ್ವಲ್ಪ ಮಾಸಿತ್ತು.

“ಅಮ್ಮಾರೇ, ಈ ನೀರು ಕುಡೀಬೇಡಿ. ಬಾವಿಗೆ ಯಾವ್ದೋ ವಿಷ ಇಳ್ದದ. ಇದು ಬೆಳ್ಳಿ ಅಲ್ಲ, ಪಾದರಸ.”

ಸುವರ್ಣಮ್ಮನ ಮುಖ ಗಟ್ಟಿಯಾಯಿತು. “ಗೋವಿಂದಯ್ಯ, ನಿನ್ನ ಬೀಗಿತ್ತಿ ಮನೆ ಬಿಂದಿಗೆ ಕೆಂಪಗಿದ್ರೆ ನನ್ನ ಮನೆ ನೀರು ವಿಷ ಆಗೋಯ್ತಾ? ಎರಡು ತಿಂಗಳಿಂದ ಕುಡೀತಾ ಇದ್ದೀನಿ. ಸತ್ತವ್ಳ ಹಂಗೆ ಕಾಣ್ತೀನಾ?”

“ಇದು ತಟ್ನೆ ಕೊಲ್ಲಲ್ಲ ಅಮ್ಮಾರೇ.”

“ಲ್ಯಾಬಲ್ಲಿ ಶೀಶೆ ತೊಳ್ದೂ ತೊಳ್ದೂ ನಿಂಗೆ ಎಲ್ಲಾ ಕಡೆ ವಿಷವೇ ಕಾಣ್ತದೆ. ಹೋಗು, ಬಿಸಿಲು ಜಾಸ್ತಿ ಆಗದೆ.”

ಮರಳುವ ದಾರಿಯಲ್ಲಿ ಚಿಕ್ಕನಿಂಗಮ್ಮ ಮಾತೇ ಆಡಲಿಲ್ಲ. ಅವಳು ಮಾತಾಡದೆ ನಡೆದದ್ದು ಗೋವಿಂದಯ್ಯನಿಗೆ ಆಗ ಗಮನಕ್ಕೆ ಬರಲಿಲ್ಲ. ಅವನ ತಲೆಯಲ್ಲಿ ಒಂದೇ ವಿಚಾರ: ಮಗಳ ಮನೆಯ ಬಿಂದಿಗೆ ಕೆಂಪಗಿದೆ. ಅದೇ ಬಾವಿ, ಅದೇ ನೀರು, ಆದರೂ ಕೆಂಪಗಿದೆ. ಯಾಕೆ?

ಮನೆಗೆ ಬಂದವನೇ ಅಡಿಗೆಮನೆಗೆ ನುಗ್ಗಿದ. ಮೂಲೆಯಲ್ಲಿ ಒಂದರ ಮೇಲೊಂದು ಮೂರು ಮಡಕೆ. ಏಳನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಇರುತ್ತದಲ್ಲ, ಮರಳಿನ ಮಡಕೆ, ಇದ್ದಿಲ ಮಡಕೆ, ತೊಟ್ಟಿಕ್ಕುವ ನೀರು. ಮಗಳು ಚಿಕ್ಕವಳಿದ್ದಾಗ ಅವನೇ ಮನೆಯಲ್ಲಿ ಮಾಡಿ ತೋರಿಸಿದ್ದ.

“ಬ್ಯಾಸ್ಗೇಲಿ ನೀರು ಬಗ್ಗಡ ಅಪ್ಪ, ಒಂಥರಾ ವಾಸ್ನೆ,” ಎಂದಳು ಪುಟ್ಟಗೌರಮ್ಮ. “ನೀನು ತೋರ್ಸಿದ್ಯಲ್ಲ, ಅದೇ. ಇದ್ಲು ಸಾಲ್ದೇ ಬಂತು. ಇಲಿ ಕಡ್ದಿದ್ದ ಕಂಬ್ಳಿ ಒಂದಿತ್ತು, ಅದ್ನ ಒಗ್ದು, ಅರಿದು, ನಡುವಿನ ಮಡ್ಕೆಗ ಪೂರಾ ತುರುಕ್ಬುಟ್ಟೆ. ತಾಮ್ರದ ಬಿಂದ್ಗೆಗ ಸೋಸಿದ್ದು ಮಾತ್ರ ತುಂಬೋದು. ಅದು ಬಾವಿ ಮೊಖಾನೇ ಕಂಡಿಲ್ಲ.”

ಗೋವಿಂದಯ್ಯ ಆ ಒದ್ದೆ ಮಡಕೆಯ ಮೇಲೆ ಕೈ ಇಟ್ಟು, ಹಾಗೇ ನೆಲಕ್ಕೆ ಕೂತುಬಿಟ್ಟ. “ಸದ್ಯ ಕಣವ್ವ. ನೀನು ಬಚಾವಾದೆ. ಈ ನೀರು ಬಿಟ್ಟು ಬೇರೆ ಕುಡ್ದಿಲ್ಲ ಅಲ್ವಾ?”

ಮಗಳು ಅತ್ತೆಯ ಕಡೆ ನೋಡಿದಳು. ಚಿಕ್ಕನಿಂಗಮ್ಮ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಬಿಸಿಲಲ್ಲಿ ನಡೆದು ಬಂದವಳ ಮುಖದಲ್ಲಿ ಬೆವರಿಗೆ ಬದಲು ಬೂದಿ ಬಣ್ಣ.

“ಮಂಡಲ ಇಡ್ಸಿದ್ದಿ ಬೀಗ್ರೇ,” ಎಂದಳು.

“ಏನು?”

“ನಮ್ಮನ ಬಿಂದ್ಗ ಬೆಳ್ಳಿ ಆಗ್ಲಿಲ್ವಲ್ಲ, ಕೂಸ್ಗೆ ಏನಾರ ಕೇಡಾದದು ಅಂತ... ಸುವರ್ಣಮ್ಮಾರ್ನ ಬೇಡ್ಕಂಡಿ. ದಿನಾ ಬೆಳಿಗ್ಗೆ ಅವ್ರ ಬಿಂದ್ಗ ನೀರು ಒಂದು ಚೊಂಬು. ನಲವತ್ತೆಂಟು ದಿನ. ಇವತ್ಗ ಮೂವತ್ತೊಂದು.”

ಪುಟ್ಟಗೌರಮ್ಮ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, “ಯಾಕಪ್ಪ, ಏನಾಯ್ತದ?” ಎಂದಳು. ಚಿಕ್ಕನಿಂಗಮ್ಮ, “ಅದ್ಯಾನು ವಿಸ ಇದ್ದದು ಬುಡಿ. ಅವಳು ಬ್ಯಾಡ ಬ್ಯಾಡ ಅಂದ್ಲು, ನಾನೇ ಮುಂದ ನಿಂತು ಕುಡಿಸ್ದಿ. ದೇವ್ರ ಮುಂದ ಇಟ್ಟಿದ್ದ ನೀರು,” ಎಂದಳು.

ಮಧ್ಯಾಹ್ನ ಅಳಿಯ ಚಿಕ್ಕಸಿದ್ದಯ್ಯ ತೋಟದಿಂದ ಬಂದ. ಅವನು ಪುಟ್ಟಬಸಪ್ಪನವರ ಕಬ್ಬಿನ ಕೆಲಸದ ಮುಂದಾಳು. ಗೋವಿಂದಯ್ಯ ಕೇಳಿದ್ದಕ್ಕೆಲ್ಲ ಉಣ್ಣುತ್ತಲೇ ನಿಧಾನವಾಗಿ ಉತ್ತರ ಕೊಟ್ಟ.

“ಬಿತ್ನ ಕಬ್ಬಿನ ತುಂಡ್ನ ನಾಟಿಗ ಮುಂಚೆ ಔಸ್ತಿ ನೀರ್ಗ ಅದ್ದೀವಿ ಮಾವ. ಮೂರು ವರ್ಸದಿಂದ. ಇಲ್ದೇ ಇದ್ರ ತುಂಡು ಒಳಗೇ ಕೊಳ್ತೋಯ್ತದ.”

“ಮಿಕ್ಕಿದ್ದು?”

“ಡಬ್ಬದ ಮ್ಯಾಲ ಬುರ್ಡೆ ಚಿತ್ರ ಇತ್ತಲ್ಲ, ದನ ಕುಡ್ದು ಸತ್ತಾವು ಅಂತ ಬಯ. ಕಾಲ್ವೆಗ ಸುರಿಯಾಕ ಬ್ಯಾಡ ಅಂತ ನಾನೇ ಅಂದಿ. ಬಾವಿ ಪಕ್ಕ ಹಳೇ ಸುಣ್ಣದ ಗುಂಡಿ ಅದಲ್ಲ, ಅದ್ರೊಳೀಕ ಸುರ್ದು, ಡಬ್ಬಾನೂ ಅಲ್ಲೇ ಹಾಕಿ, ಮಣ್ಣು ಮುಚ್ಚುದ್ವಿ. ಒಂದು ತೊಟ್ಟೂ ಹೊರ್ಗ ಬುಟ್ಟಿಲ್ಲ.” ಅಷ್ಟು ಹೇಳಿ ಮಾವನ ಮುಖ, ಹೆಂಡತಿಯ ಮುಖ ನೋಡಿದ. ಆಮೇಲೆ ಅವನಿಗೆ ತಾನು ಹೇಳಿದ್ದೇ ಕೇಳಿಸಿತು. ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು.

ಅಂದೇ ಸಂಜೆಯ ಬಸ್ಸಿಗೆ ಗೋವಿಂದಯ್ಯ ಮಗಳನ್ನು ಕೊಳ್ಳೇಗಾಲಕ್ಕೆ ಕರೆತಂದ. ಜೊತೆಗೆ ಎರಡು ಸೋಡಾ ಶೀಶೆ: ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಮೂರು ಮಡಕೆಯ ನೀರು. ಬಸ್ಸು ಕುಲುಕಿದಾಗಲೆಲ್ಲ ಮಗಳು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಇವನು ಬಾವಿ ನೀರಿನ ಶೀಶೆಯ ಬಿರಡೆ ಒತ್ತಿ ಹಿಡಿದಿದ್ದ.

ಮಾರನೆಯ ಬೆಳಿಗ್ಗೆ ಹೆಂಡತಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮಗು ಒದೆಯುತ್ತಿದೆ, ಆ ನೀರು ನಿಲ್ಲಿಸಿದ್ದು ಒಳ್ಳೆಯದಾಯಿತು, ಇನ್ನು ಹೆರಿಗೆಯಾಗುವ ತನಕ ಕಾದು ನೋಡಬೇಕು ಎಂದರಂತೆ. ಆಮೇಲೆ? ಆಮೇಲೂ ಕಾದು ನೋಡಬೇಕು; ಪಾದರಸ ಕೂಸಿನ ಮೆದುಳಿಗೆ, ನರಕ್ಕೆ ಇಳಿದಿದ್ದರೆ ಹುಟ್ಟಿದ ಕೂಡಲೇ ಕಾಣುವುದಿಲ್ಲ. ಈ ಮಾತು ಕೇಳಿದ ದಿನದಿಂದ ಗೋವಿಂದಯ್ಯನಿಗೆ ಮನೆಯಲ್ಲಿ ಕೂತಿರಲು ಆಗಲಿಲ್ಲ. ಮಗಳ ಒಳಗೆ ಹೋದದ್ದನ್ನು ತೆಗೆಯುವ ದಾರಿ ಅವನಿಗೆ ಗೊತ್ತಿಲ್ಲ. ಬಾವಿಯ ನೀರಿನದಾದರೂ ಏನಾದರೂ ಮಾಡಬೇಕು.

ಸೈನ್ಸ್ ಮೇಷ್ಟ್ರು ಶಿವನಂಜಯ್ಯ ರಜೆಯಲ್ಲೂ ಊರಲ್ಲೇ ಇದ್ದರು. ಇಬ್ಬರೂ ಲ್ಯಾಬಿನ ಬಾಗಿಲು ತೆಗೆದು, ಬಾವಿಯ ನೀರಿಗೆ ಎರಡು ಹನಿ ಆಸಿಡ್ ಬಿಟ್ಟು, ಉಜ್ಜಿದ ತಾಮ್ರದ ಕಾಸನ್ನು ಇಳಿಬಿಟ್ಟರು. ಕಾದರು. ಊಟದ ಹೊತ್ತಿಗೆ ಕಾಸಿನ ಅಂಚು ಬೆಳ್ಳಗಾಯಿತು. ದೀಪದ ಮೇಲೆ ಹಿಡಿದರೆ ಬಿಳುಪು ಹಾರಿಹೋಗಿ ಕೆಂಪು ಬಂತು.

“ಉಸಿರು ಬಿಗಿ ಹಿಡೀರಿ, ಗೋವಿಂದಯ್ಯ. ಕಿಟಕಿ ತೆಗೀರಿ,” ಎಂದರು ಮೇಷ್ಟ್ರು. ಆಮೇಲೆ, “ಬೆಂಗಳೂರಿಗೆ ನೀರು ಕಳಿಸೋಣ. ಬ್ಲಾಕ್ ಆಫೀಸಿಗೆ ಅರ್ಜಿ ಬರೆಯೋಣ. ಅವರು ಬೋರ್ ತೋಡಿಸಬೇಕು.”

“ಎಷ್ಟು ದಿನ ಆಗ್ತದೆ ಸಾ?”

“ದಿನ ಅಂತೀರಾ. ತಿಂಗಳು.”

“ಅಲ್ಲಿ ತನ್ಕ ಅವ್ರು ಕುಡಿಯೋದು ಅದೇ ನೀರು ಸಾ. ಇನ್ನೂ ಇಬ್ರು ಬಸ್ರೀರು ಅವ್ರೆ ಆ ಊರಲ್ಲಿ.”

ಮೇಷ್ಟ್ರು ಕನ್ನಡಕ ಒರೆಸುತ್ತಾ ಕೂತರು. ಮೂರು ಮಡಕೆಯ ನೀರಿಗೆ ಹಾಕಿದ ಕಾಸು ಸಂಜೆಯಾದರೂ ಕೆಂಪಗೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

ಮುಂದಿನ ಹನ್ನೊಂದು ದಿನ ಗೋವಿಂದಯ್ಯ ಮಾಡಿದ್ದು ಇಷ್ಟು. ತಳ ಒಡೆದ ಆರು ಶೀಶೆಗಳನ್ನು ತಲೆಕೆಳಗಾಗಿ ಬೆಂಚಿಗೆ ಕಟ್ಟಿದ. ಒಂದಕ್ಕೆ ಮರಳು, ಒಂದಕ್ಕೆ ಭತ್ತದ ಹೊಟ್ಟಿನ ಬೂದಿ, ಒಂದಕ್ಕೆ ತೆಂಗಿನ ಚಿಪ್ಪಿನ ಇದ್ದಿಲು, ಒಂದಕ್ಕೆ ಮರದ ಹೊಟ್ಟು, ಒಂದಕ್ಕೆ ರೇಷ್ಮೆಯ ಚಿಂದಿ, ಕೊನೆಯದಕ್ಕೆ ಕಂಬಳಿಯ ಉಣ್ಣೆ. ರಸಕರ್ಪೂರ ಕರಗಿಸಿದ ನೀರನ್ನು ಎಲ್ಲಕ್ಕೂ ಒಂದೇ ಅಳತೆಯಲ್ಲಿ ಸುರಿದು, ಕೆಳಗೆ ಬಿದ್ದದ್ದಕ್ಕೆ ಕಾಸು ಹಾಕುವುದು, ಯಾವುದು ಎಷ್ಟನೇ ಸುರಿತಕ್ಕೆ ಬೆಳ್ಳಗಾಯಿತು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುವುದು. ಬಾಯಿಗೆ ಪಂಚೆಯ ಚುಂಗು ಕಟ್ಟಿಕೊಂಡು, ಕೈ ಉಜ್ಜಿ ಉಜ್ಜಿ ತೊಳೆದುಕೊಂಡು, ಆ ಕೈಯಲ್ಲಿ ಮಗಳ ತಟ್ಟೆ ಮುಟ್ಟಲೂ ಹೆದರಿ ಅವನು ಹೊರಗಿನ ಜಗುಲಿಯಲ್ಲಿ ಬೇರೆಯಾಗಿ ಉಣ್ಣುತ್ತಿದ್ದ.

ರೇಷ್ಮೆಯ ಮೇಲೆ ಅವನಿಗೆ ಆಸೆ ಇತ್ತು. ಕೊಳ್ಳೇಗಾಲದಲ್ಲಿ ನೂಲು ತೆಗೆಯುವ ಮನೆಗಳಲ್ಲಿ ಚಿಂದಿಗೆ ಬರವೇ? ಕೇಳಿದರೆ ಮಂಕರಿಗಟ್ಟಲೆ ಕೊಡುತ್ತಾರೆ. ಆದರೆ ರೇಷ್ಮೆ ಎರಡನೆಯ ಸುರಿತಕ್ಕೇ ಸೋತಿತು. ಮರಳು ಮೊದಲಿಗೇ. ಬೂದಿ, ಮರದ ಹೊಟ್ಟು ಮೂರಕ್ಕೆ. ಇದ್ದಿಲು ಒಂಬತ್ತರ ತನಕ ತಡೆಯಿತು. ಕಂಬಳಿಯ ಶೀಶೆಯ ಕೆಳಗಿನ ಕಾಸು ಮೂವತ್ತು ಗೀಟು ದಾಟಿದರೂ ಕೆಂಪಗೇ ಇತ್ತು.

“ಉಣ್ಣೆ ಸುಟ್ಟರೆ ವಾಸನೆ ಬರ್ತದಲ್ಲ,” ಎಂದರು ಮೇಷ್ಟ್ರು, ತಾವೂ ಸುಟ್ಟು ಮೂಸಿ. “ಗಂಧಕ. ಉಣ್ಣೇಲಿ ಗಂಧಕ ಇದೆ. ಪಾದರಸಕ್ಕೆ ಗಂಧಕ ಕಂಡರೆ ಬಿಡದ ನಂಟು. ರೇಷ್ಮೇಲಿ ಅದಿಲ್ಲ.”

“ಅಂಗಾದ್ರೆ ಇದ್ಲಿಗೂ ಗಂಧಕ ಹಿಡ್ಸಿದ್ರೆ ಸಾ?”

ಗ್ರಂಥಿಗೆ ಅಂಗಡಿಯಿಂದ ಗಂಧಕ ತಂದು, ಚಿಪ್ಪಿನ ಇದ್ದಿಲ ಜೊತೆ ಕುಡಿಕೆಯಲ್ಲಿ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಶಾಲೆಯ ಹಿತ್ತಿಲಲ್ಲಿ ಸುಟ್ಟರು. ಬೀದಿಯೆಲ್ಲ ಕೆಮ್ಮಿತು. ಆ ಇದ್ದಿಲು, ಅದರ ಕೆಳಗೆ ಉಣ್ಣೆ: ಎರಡನ್ನೂ ಕೂಡಿಸಿದ ಮಡಕೆ ಐವತ್ತು ಗೀಟು ದಾಟಿತು. ಗೋವಿಂದಯ್ಯ ಮೊದಲ ಸಲ ಆ ವಾರ ಹೊಟ್ಟೆ ತುಂಬ ಉಂಡ.

ಆದರೆ ಮೇಷ್ಟ್ರು ಒಂದು ಮಾತು ಹೇಳಿದರು. ಅದು ಅವನ ಕಿವಿಯಿಂದ ಇಳಿಯಲೇ ಇಲ್ಲ. “ಒಂದು ನೆನಪಿಡಿ. ಕಾಸು ಬೆಳ್ಳಗಾದರೆ ವಿಷ ಇದೆ ಅಂತ ಗೊತ್ತು. ಕೆಂಪಗಿದ್ದರೆ ಇಲ್ಲ ಅಂತ ಅಲ್ಲ. ನಮ್ಮ ಕಣ್ಣಿಗೆ ಕಾಣುವಷ್ಟು ಇಲ್ಲ, ಅಷ್ಟೆ.”

ಮಡಕೆಗಳನ್ನು ಊರಿಗೆ ಒಯ್ಯಲು ತಯಾರಾಗುತ್ತಿದ್ದ ದಿನ ಸುವರ್ಣಮ್ಮ ಗಾಡಿ ಕಟ್ಟಿಸಿಕೊಂಡು ಕೊಳ್ಳೇಗಾಲಕ್ಕೆ, ಅವನ ಮನೆ ಬಾಗಿಲಿಗೇ ಬಂದರು. ಎಂದೂ ಬಂದವರಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಉಂಗುರ ಅವನ ಮುಂದೆ ಹಿಡಿದರು. ಚಿನ್ನದ ಉಂಗುರ, ಸೀಸದಂತೆ ಬೆಳ್ಳಗಾಗಿ, ಒಂದು ಕಡೆ ಸೀಳು ಬಿಟ್ಟಿತ್ತು.

“ದಿನಾ ಇದೇ ಕೈಲಿ ಬಿಂದಿಗೆ ತಿಕ್ತಿದ್ದೆ. ಅಕ್ಕಸಾಲಿಗೆ ತೋರಿಸ್ದೆ. ರಸ ಹತ್ತದೆ ಕಣ್ರವ್ವ, ಎಲ್ಲಿ ಕೈ ಇಕ್ಕಿದ್ರಿ ಅಂದ. ಚಿನ್ನಾನೇ ತಿಂದ್ಹಾಕೋದು ಮನುಷ್ಯರ ಬಿಟ್ಟದಾ.” ಆಕೆ ನಿಂತೇ ಇದ್ದರು. “ನನ್ನ ಒಸಡಲ್ಲಿ ರಕ್ತ ಬರ್ತದೆ. ಅದು ಇರ್ಲಿ, ನಂಗೆ ಐವತ್ತು ದಾಟದೆ. ನಿನ್ನ ಮಗಳು ಹೆಂಗವಳೆ?”

“ಒಳಗವ್ಳೆ. ಚೆನ್ನಾಗವ್ಳೆ.”

“ಪುಣ್ಯ ಅಂದ್ಕೊಂಡು ಕೊಟ್ಟೆ ಗೋವಿಂದಯ್ಯ. ಬೇರೆ ಯಾರಿಗೂ ಕೊಡ್ತಿರ್ಲಿಲ್ಲ. ಆ ಹುಡುಗಿಗೆ ಅಂತ ದಿನಾ ಮೀಸಲು ತೆಗ್ದಿಡ್ತಿದ್ದೆ.” ಒಳಗೆ ಹೋಗಿ ಮಗಳನ್ನು ನೋಡಿ ಬರುವ ಧೈರ್ಯ ಆಕೆಗಿರಲಿಲ್ಲ. ಅದೇ ಗಾಡಿಗೆ ಮಡಕೆಗಳನ್ನು ಹೇರಿಸಿಕೊಂಡು ಹೊರಟರು.

ಸುವರ್ಣಮ್ಮ ಮುಂದೆ ನಿಂತ ಮೇಲೆ ಊರಿನಲ್ಲಿ ಕೆಲಸ ಸಲೀಸಾಯಿತು ಎಂದುಕೊಂಡರೆ, ಆಗಲಿಲ್ಲ. “ಕಂಬ್ಳಿ ನೀರು ಕುಡ್ದು ಕುರಿ ಅಂಗ ಬ್ಯಾ ಅಂದ್ರ ಯಾರು ಗತಿ?” ಎಂದು ಒಬ್ಬಳು. “ಬೆಳ್ಳಿ ಬರ್ತಿದ್ ಬಾವೀನ ಲ್ಯಾಬಿನವ ಬಂದು ಕೆಡಿಸ್ಬುಟ್ಟ,” ಎಂದು ಇನ್ನೊಬ್ಬಳು. ಗೋವಿಂದಯ್ಯ ಯಾರಿಗೂ ಎದುರು ಮಾತಾಡಲಿಲ್ಲ. ಮನೆ ಮನೆಗೆ ಹೋಗಿ ಮಡಕೆ ಇಟ್ಟು, ಉಣ್ಣೆ ತುಂಬಿ, ಒಂದು ಕಾಸು ಕೊಟ್ಟು, ಕಾಸು ಬೆಳ್ಳಗಾದ ದಿನ ಉಣ್ಣೆ ಬದಲಾಯಿಸಿ ಎಂದು ಹೇಳಿ ಬಂದ. ಬಸುರಿಯರಿದ್ದ ಆ ಎರಡು ಮನೆಗೆ ಚಿಕ್ಕನಿಂಗಮ್ಮ ತಾನೇ ಹೋಗಿ ಜಗಳವಾಡಿ, ಹಳೆಯ ನೀರನ್ನು ತಾನೇ ಚೆಲ್ಲಿ, ಮಡಕೆ ಕೂರಿಸಿ ಬಂದಳು. ಅವಳ ಬಾಯಿಗೆ ಹೆದರಿ ಉಳಿದವರೂ ಸುಮ್ಮನಾದರು.

ಹಳೆಯ ಉಣ್ಣೆಯನ್ನು ಎಲ್ಲಿ ಹಾಕುವುದು ಎನ್ನುವ ಪ್ರಶ್ನೆ ಬಂದಾಗ ಚಿಕ್ಕಸಿದ್ದಯ್ಯ ಒಮ್ಮೆಲೇ ಹಿಂದೆ ಸರಿದ. “ಹೂಣಾಕ ಮಾತ್ರ ನನ್ನ ಕರೀಬ್ಯಾಡಿ ಮಾವ,” ಎಂದ. ಸುಟ್ಟರೆ ಹೊಗೆ, ಹೂಳಿದರೆ ನೀರು. ಕೊನೆಗೆ ಸುವರ್ಣಮ್ಮ ತಮ್ಮ ಉಪ್ಪಿನಕಾಯಿಯ ದೊಡ್ಡ ಜಾಡಿಗಳನ್ನು ಖಾಲಿ ಮಾಡಿ ಕೊಟ್ಟರು. ಉಣ್ಣೆ ತುರುಕಿ, ಬಾಯಿಗೆ ಅರಗು ಕರಗಿಸಿ ಸುರಿದು, ಆಲೆಮನೆಯ ಅಟ್ಟದ ಮೇಲೆ ಇಟ್ಟು ಬೀಗ ಹಾಕಿದರು. ವಿಷ ಹೋಗಲಿಲ್ಲ, ಜಾಡಿಯಲ್ಲಿ ಕೂತಿತ್ತು. ಗೋವಿಂದಯ್ಯ ಅಟ್ಟದ ಕೆಳಗೆ ನಿಂತು ಎಣಿಸಿದ. ಆರು ಜಾಡಿ. ಇನ್ನೂ ಗುಂಡಿಯ ಮಣ್ಣು ಹಾಗೇ ಇತ್ತು.

ಜ್ಯೇಷ್ಠದಲ್ಲಿ ಪುಟ್ಟಗೌರಮ್ಮನಿಗೆ ಹೆಣ್ಣು ಮಗುವಾಯಿತು. ಲೇಡಿ ಡಾಕ್ಟರು ಕೈ ಕಾಲು ಬೆರಳು ಎಣಿಸಿ, ತೂಕ ನೋಡಿ, ಸರಿಯಾಗಿದೆ ಎಂದರು. ಸೂಲಗಿತ್ತಿಯೂ ಸರಿಯಾಗಿದೆ ಎಂದಳು. ನೋಡಲು ಬಂದ ನೆಂಟರೆಲ್ಲ ಅದನ್ನೇ ಹೇಳಿದರು.

ಮೂರನೆಯ ತಿಂಗಳಲ್ಲಿ ಚಿಕ್ಕನಿಂಗಮ್ಮ ಮೊಮ್ಮಗಳನ್ನು ನೋಡಲು ಬಂದು ಎರಡು ದಿನ ಉಳಿದಳು. “ಎಂತಾ ಕೂಸು ಬೀಗ್ರೇ,” ಎಂದಳು ಬೆಳಿಗ್ಗೆ, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಾ. “ಅಳೋದೇ ಇಲ್ವಲ್ಲ. ನಮ್ಮ ಸಿದ್ದ ಊರೇ ಎದ್ದು ಕೂತ್ಕಳಂಗ ಅರಚ್ತಿದ್ದ. ಇದು ಬಂಗಾರ.”

ಪಕ್ಕದ ಮನೆಯವಳೂ ಅದನ್ನೇ ಹೇಳಿದ್ದಳು. ಬೀದಿಯೇ ಹೇಳುತ್ತಿತ್ತು. ಎಷ್ಟು ಸಾಧು ಮಗು, ಹಾಲು ಕೊಟ್ಟರೆ ಕುಡಿಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಮೇಲೆ ನೋಡುತ್ತಾ ಮಲಗಿರುತ್ತದೆ. ಪ್ರತಿ ಸಲ ಯಾರಾದರೂ ಈ ಮಾತು ಆಡಿದಾಗ ಗೋವಿಂದಯ್ಯ ಎದ್ದು ಹೊರಗೆ ಹೋಗುತ್ತಿದ್ದ.

ಅಂದು ಚಿಕ್ಕನಿಂಗಮ್ಮ ನೀರು ಕಾಯಿಸಲು ಹಿತ್ತಿಲಿಗೆ ಹೋದಳು. ಮಗು ತೊಟ್ಟಿಲಲ್ಲಿತ್ತು. ಗೋವಿಂದಯ್ಯ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟ. ಅದು ಗಿರ್ರೆಂದು ಸುತ್ತಿ ಸುತ್ತಿ ಸದ್ದು ಮಾಡಿ ನಿಂತಿತು. ಅವನು ತೊಟ್ಟಿಲಿಗೆ ಬಗ್ಗಿ ನೋಡಿದ. ಮಗುವಿನ ಕಣ್ಣು ಸ್ವಲ್ಪ ಅಲ್ಲಾಡಿತೋ, ಅಥವಾ ಮೊದಲೇ ಅಲ್ಲಾಡುತ್ತಿತ್ತೋ.

ಗೋಡೆಗೆ ಒರಗಿ ಕೂತಿದ್ದ ಪುಟ್ಟಗೌರಮ್ಮ ಕೇಳಿದಳು. “ತಟ್ಟೆ ಕೈಜಾರಿ ಬಿತ್ತಾ ಅಪ್ಪ, ನೀನೇ ಬೀಳಿಸ್ದಾ?”

“ಕೈಜಾರ್ತು ಕಣವ್ವ.”

“ನಾನು ನೆನ್ನೆ ಎರಡು ಸಲ ಬೀಳಿಸ್ದಿ. ಮೊನ್ನೆ ಮೂರು.”

ಅವನು ಮಗಳ ಮುಖ ನೋಡಲಾರದೆ ತೊಟ್ಟಿಲ ಹಗ್ಗ ಹಿಡಿದುಕೊಂಡ. ಮೂರು ತಿಂಗಳು ತಾನೊಬ್ಬನೇ ಹೆದರಿದ್ದೇನೆ ಎಂದುಕೊಂಡಿದ್ದ.

“ಏನ್ ಕಂಡೆ?” ಎಂದ.

“ಒಂದೊಂದ್ಸಲ ತಿರುಗ್ತದ. ಒಂದೊಂದ್ಸಲ ಇಲ್ಲ. ಹಾಲು ಕುಡ್ದು ಸಾಕಾಗಿದ್ದಾಗ ಎಲ್ಲಾ ಮಕ್ಳೂ ಅಂಗೇ ಅಲ್ವಾ ಅಪ್ಪ?”

ಅವನಿಗೆ ಎಲ್ಲಾ ಮಕ್ಕಳ ವಿಷಯ ಗೊತ್ತಿರಲಿಲ್ಲ. ಈ ಮಗುವಿಗೆ ಹಾಕಿ ನೋಡಲು ಯಾವ ಕಾಸೂ ಇರಲಿಲ್ಲ. ತೊಟ್ಟಿಲಿನೊಳಗೆ ಕೈ ಹಾಕಿ, ಬೆಣ್ಣೆಯಂಥ ಆ ಅಂಗಾಲನ್ನು ಎರಡು ಬೆರಳಲ್ಲಿ ಹಿಡಿದು, ಉಗುರು ಊರಿ ಚಿವುಟಿದ.

ಏನೂ ಆಗಲಿಲ್ಲ. ಆಮೇಲೆ ಮಗುವಿನ ಕೆಳತುಟಿ ಮುದುರಿತು, ಮುಖ ಕೆಂಪಗಾಯಿತು, ಬಾಯಿ ತೆರೆಯಿತು. ಸಣ್ಣ ದನಿಯಲ್ಲಿ ಅಳು ಬಂತು.

ಚಿಕ್ಕನಿಂಗಮ್ಮ ಒದ್ದೆ ಕೈಯಲ್ಲೇ ಓಡಿಬಂದು ಮಗುವನ್ನು ಕಿತ್ತುಕೊಂಡಳು. ಅಂಗಾಲಿನ ಮೇಲೆ ಉಗುರಿನ ಗುರುತು ಕಂಡು ಅವಳಿಗೆ ನಂಬಲಾಗಲಿಲ್ಲ. “ತಾತ ಅನ್ನಿಸ್ಕಂಡವ್ರು ಕೂಸ್ನ ಚೂಟ್ತೀರಾ? ಬುದ್ಧಿ ನೆಟ್ಟಗದ್ದಾ ನಿಮ್ಗ? ಅಳ್ದೇ ಇರೋ ಮಗೀನ ಅಳುಸ್ಬುಟ್ರಲ್ಲ.” ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ಸವರತೊಡಗಿದಳು.

ಗೋವಿಂದಯ್ಯ ಅವಳ ಮಾತಿಗೆ ಕಿವಿ ಕೊಡದೆ ಅಳುವಿಗೇ ಕಿವಿ ಕೊಟ್ಟಿದ್ದ. ಅದು ಏರಲಿಲ್ಲ. ನಾಲ್ಕೈದು ಉಸಿರಿನಷ್ಟು ಹೊತ್ತು ಇದ್ದು, ನಿಂತುಹೋಯಿತು.

“ನೋಡಿ, ಸುಮ್ಕಾಯ್ತು. ಬಂಗಾರ,” ಎಂದಳು ಚಿಕ್ಕನಿಂಗಮ್ಮ.

ಪುಟ್ಟಗೌರಮ್ಮ ಗೋಡೆ ಹಿಡಿದು ಎದ್ದು ಬಂದಳು. ಅತ್ತೆಯ ಭುಜದ ಹಿಂದೆ ನಿಂತು, ಮಗುವಿನ ಪುಟ್ಟ ಪಾದವನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಅದನ್ನು ಅಪ್ಪನ ಕಡೆಗೆ ಚಾಚಿದಳು.

“ಇನ್ನೊಂದ್ಸಲ ಚೂಟಪ್ಪ,” ಎಂದಳು.